ಹುಬ್ಬಳ್ಳಿಗೆ ಹೋದ ಆ ದಿನ
ರಾತ್ರಿ 9 ಗಂಟೆಗೆ ಭಾವನ ಫೋನ್ ಬಂತು. ಅಕ್ಕನಿಗೆ ನಾಳೆ ಮಧ್ಯಾಹ್ನ 1 ಗಂಟೆಗೆ ಆಪರೇಷನ್, ಪಿತ್ತಕೋಶದ ಕಲ್ಲು, ಇನ್ನು ತಡ ಮಾಡೋದು ಬೇಡ ಅಂತ ಡಾಕ್ಟರ್ ಹೇಳಿದ್ದಾರಂತೆ. ಅವಳು ಹುಬ್ಬಳ್ಳಿಯಲ್ಲಿ, ನಾನು ಉಡುಪಿಯಲ್ಲಿ. ರಾತ್ರಿ ಬಸ್ಸುಗಳಲ್ಲಿ ಒಂದು ಸೀಟೂ ಇರಲಿಲ್ಲ. ವಿಮಾನ ನೋಡಿದೆ. ಮಂಗಳೂರಿನಿಂದ ಮರುದಿನಕ್ಕೆ ನೇರ ವಿಮಾನ ಇಲ್ಲ, ಬೆಂಗಳೂರಿನಲ್ಲಿ ಇಳಿದು ಹತ್ತಬೇಕು. ಮೊದಲ ವಿಮಾನಕ್ಕೆ ಒಂದು ಗಂಟೆ, ಎರಡನೆಯದಕ್ಕೆ ಒಂದೂಕಾಲು ಗಂಟೆ ಅಂತ ತೋರಿಸಿತು. ಹನ್ನೆರಡರೊಳಗೆ ಹುಬ್ಬಳ್ಳಿ, ಅವಳು ಒಳಗೆ ಹೋಗುವ ಮೊದಲು ಮುಖ ನೋಡಬಹುದು ಅಂತ ಬುಕ್ ಮಾಡಿಬಿಟ್ಟೆ.

ಬೆಳಗಿನ ಜಾವ 4ಕ್ಕೆ ಹೊರಟೆ. ಜೋರು ಮಳೆ. ಹುಬ್ಬಳ್ಳಿ ಇರುವುದು ಉತ್ತರಕ್ಕೆ, ನಮ್ಮ ಕಾರು ದಕ್ಷಿಣಕ್ಕೆ, ಕಾಪು, ಪಡುಬಿದ್ರೆ, ಮೂಲ್ಕಿ ದಾಟಿ, ಕಿನ್ನಿಗೋಳಿ, ಕಟೀಲು ಮೇಲೆ ಬಜ್ಪೆಗೆ, ಅಂದರೆ ಮಂಗಳೂರು ಏರ್‌ಪೋರ್ಟಿಗೆ. ಅಲ್ಲಿಗೇ ಹತ್ತಿರ ಹತ್ತಿರ ಒಂದೂವರೆ ಗಂಟೆ.

ಎರಡು ಫ್ಯಾನಿನ ಚಿಕ್ಕ ಎಟಿಆರ್ ವಿಮಾನ. ರೆಕ್ಕೆ ತಲೆಯ ಮೇಲಿರುತ್ತದೆ, ಹಾಗಾಗಿ ಕಿಟಕಿಯಿಂದ ಚಕ್ರವೇ ಕಾಣುತ್ತದೆ. ಮಂಗಳೂರಿನ ರನ್‌ವೇ ಗುಡ್ಡದ ತಲೆ ಕಡಿದು ಸಮ ಮಾಡಿದ್ದು ಅಲ್ವಾ, ಚಕ್ರ ನೆಲ ಬಿಟ್ಟ ಸ್ವಲ್ಪ ಹೊತ್ತಿಗೇ ಗುಡ್ಡ ಮುಗಿದು ಕೆಳಗೆ ಕಣಿವೆ, ತೆಂಗಿನ ತೋಟ, ಕೆಂಪು ನೀರು. ಒದ್ದೆ ಚಕ್ರ ಒಳಗೆ ಮಡಚಿಕೊಂಡಿತು. ಆಮೇಲೆ ಬರೀ ಮೋಡ.

ಬೆಂಗಳೂರಿಗೆ ಆಕಾಶದಲ್ಲಿ ಸುಮಾರು 300 ಕಿಲೋಮೀಟರ್. ಈ ವಿಮಾನ ಗಂಟೆಗೆ 500 ಕಿಲೋಮೀಟರ್ ಹತ್ತಿರ ಹೋಗುತ್ತದೆ, ಮೇಲೆ ಇರುವುದು ಮುಕ್ಕಾಲು ಗಂಟೆ ಅಷ್ಟೇ. ಟಿಕೆಟ್ಟಿನ ಒಂದು ಗಂಟೆಯಲ್ಲಿ ನೆಲದ ಮೇಲೆ ಓಡಾಡುವ ಹೊತ್ತೂ ಸೇರಿರುತ್ತದೆ. ಆದರೆ ನನ್ನ ದಿನ ತಿಂದದ್ದು ಆ ಲೆಕ್ಕಕ್ಕೇ ಬಾರದ ಹೊತ್ತು. ಬೆಂಗಳೂರಿನಲ್ಲಿ ಎರಡೂವರೆ ಗಂಟೆ ಕಾಯಬೇಕಿತ್ತು, ಎರಡನೇ ವಿಮಾನ ಇನ್ನೂ 50 ನಿಮಿಷ ತಡ ಮಾಡಿತು. ಸುಮ್ನೆ ಕೂತು ಫೋನಿನ ಮ್ಯಾಪಿನಲ್ಲಿ ಗೆರೆ ಎಳೆದು ನೋಡಿದೆ. ಮಂಗಳೂರಿನಿಂದ ಹುಬ್ಬಳ್ಳಿಗೆ ನೇರವಾಗಿ 270 ಕಿಲೋಮೀಟರೂ ಇಲ್ಲ. ನಾನು ಸುತ್ತುತ್ತಿದ್ದದ್ದು ಬೆಂಗಳೂರಿಗೆ 300, ಅಲ್ಲಿಂದ 370, ಒಟ್ಟು 670. ಹೊಟ್ಟೆ ಉರಿಯಿತು.

ಗೋಕುಲ ರೋಡಿನ ಏರ್‌ಪೋರ್ಟಿನಿಂದ ಆಟೋ ಹಿಡಿದು ಆಸ್ಪತ್ರೆ ಮುಟ್ಟಿದಾಗ 1.10. ಅಕ್ಕನನ್ನು 20 ನಿಮಿಷ ಮೊದಲೇ ಒಳಗೆ ಕರೆದುಕೊಂಡು ಹೋಗಿದ್ದರು. ಅವಳ ಬಳೆಗಳನ್ನು ಕರ್ಚೀಫಿನಲ್ಲಿ ಕಟ್ಟಿ ಭಾವ ಕೈಯಲ್ಲಿ ಹಿಡಿದುಕೊಂಡು ನಿಂತಿದ್ದರು. "ಬಂದರಾ ಅಂತ ಎರಡು ಸಲ ಕೇಳಿದಳು" ಅಂದರು.

ಮನೆ ಬಿಟ್ಟು 9 ಗಂಟೆ ಮೇಲಾಗಿತ್ತು. ಅದರಲ್ಲಿ ಹಾರಿದ್ದು ಎರಡು ಗಂಟೆಯೂ ಇಲ್ಲ. ಮಂಗಳೂರು, ಹುಬ್ಬಳ್ಳಿ ನಡುವೆ ಮದುವೆ, ಓದು, ವ್ಯಾಪಾರ ಅಂತ ಎಷ್ಟು ಜನ ಓಡಾಡುತ್ತಾರೆ! ದಿನಕ್ಕೊಂದು ನೇರ ವಿಮಾನ ಖಂಡಿತ ಬೇಕು.

ಆಪರೇಷನ್ ಚೆನ್ನಾಗಿ ಆಯಿತು. ಹೊಲಿಗೆ ಬಿಚ್ಚುವ ದಿನಕ್ಕೆ ಮೊದಲೇ ಸೀಟು ಹಿಡಿದು ರಾತ್ರಿ ಬಸ್ಸಿನಲ್ಲಿ ಹೋದೆ, ಅಂಕೋಲಾ ದಾಟಿ ಅರಬೈಲ್ ಘಾಟಿ ಹತ್ತಿ. ಬಾಗಿಲು ತಟ್ಟಿದಾಗ ಅಕ್ಕ ಇನ್ನೂ ಎದ್ದಿರಲಿಲ್ಲ.