ಏಳು ತಿಂಗಳಾದ್ಮೇಲೆ ಮತ್ತೆ ಬಲಗಡೆ ಸೀಟು

ನಾನು ಪೈಲಟ್, ಆದ್ರೆ ಬಿದ್ದಿದ್ದು ಸಾಗರದ ಹತ್ರ ನಮ್ಮನೆ ಅಂಗಳದಲ್ಲಿ. ಜುಲೈ ಮಳೆ, ಪಾಚಿ ಕಟ್ಟುತ್ತೆ ಅಂತ ಅಪ್ಪ ಅಡಿಕೆ ದಬ್ಬೆ ಹಾಸಿದ್ರು, ನಾನು ಫೋನ್ ನೋಡ್ಕೊಂಡು ಅದನ್ನ ಬಿಟ್ಟು ಪಕ್ಕದಲ್ಲಿ ಕಾಲಿಟ್ಟೆ, ಅಷ್ಟೇ. ಬಲಗೈ ಊರಿದ್ದಕ್ಕೆ ಭುಜದೊಳಗೆ ಏನೋ ಪಟ್ ಅಂತು. ಎಂಆರ್‌ಐ ಮಾಡಿಸಿದ್ರೆ ರೊಟೇಟರ್ ಕಫ್, ಅಂದ್ರೆ ಭುಜದ ಕೀಲು ಹಿಡ್ಕೊಂಡಿರೋ ಸ್ನಾಯು-ನಾರು, ಹರಿದಿದೆ, ಆಪರೇಷನ್ನೇ ಆಗ್ಬೇಕು ಅಂದ್ರು.

ಆಮೇಲೆ ಆರು ವಾರ ಸ್ಲಿಂಗು. 34 ವರ್ಷದ ನನ್ನನ್ನ ಅಮ್ಮ ಸ್ಕೂಲ್ ಹುಡುಗಿ ಥರ ಮೆಟ್ಟಿಲ ಮೇಲೆ ಕೂರಿಸ್ಕೊಂಡು ಎಣ್ಣೆ ಹಚ್ಚಿ ಬಿಗಿಯಾಗಿ ಜಡೆ ಹಾಕೋರು. ಟ್ರಮಡಾಲ್ ಥರದ ನೋವಿನ ಮಾತ್ರೆ ನುಂಗ್ತಿರೋವಾಗ ಹಾರೋ ಮಾತೇ ಇಲ್ಲ, ಪೈಲಟ್‌ಗಳಿಗೆ ಬೇಕಾದ ಕ್ಲಾಸ್ 1 ಮೆಡಿಕಲ್ ಬೇರೆ ಟೆಂಪರರಿ ಅನ್‌ಫಿಟ್, ಹಂಗಾಗಿ ಫಿಸಿಯೋ ಬಿಟ್ರೆ ಬೇರೆ ಕೆಲಸ ಇರ್ಲಿಲ್ಲ. ಗೋಡೆ ಮೇಲೆ ಬೆರಳಲ್ಲಿ ಜೇಡದ ಥರ ಹತ್ತಿಸೋದು, ಎಷ್ಟು ಎತ್ತರ ಬಂತು ಅಂತ ಪೆನ್ಸಿಲಲ್ಲಿ ಗೀಟು ಹಾಕೋದು.

ಕೈಯೇ ಎತ್ತೋಕಾಗಲ್ಲ ಅಂದ್ರೆ ವಿಮಾನ ಹೆಂಗೆ ತಿರುಗಿಸ್ತೀಯೇ ಅಂತ ಬಂದೋರೆಲ್ಲ ಕೇಳೋರು. ನಿಜ ಹೇಳ್ಬೇಕು ಅಂದ್ರೆ ನಾನು ಹಾರಿಸೋ ಏರ್‌ಬಸ್ ಎ320ಯಲ್ಲಿ ಎದುರಿಗೆ ಸ್ಟೇರಿಂಗೇ ಇಲ್ಲ. ಬಲಗಡೆ ಕೂರೋ ಫಸ್ಟ್ ಆಫೀಸರ್‌ಗೆ, ಅಂದ್ರೆ ನನ್ನಂಥ ಕೋ-ಪೈಲಟ್‌ಗೆ, ಬಲಗೈ ಹತ್ರ ಒಂದು ಸಣ್ಣ ಸೈಡ್‌ಸ್ಟಿಕ್, ಮೊಣಕೈ ಆರ್ಮ್‌ರೆಸ್ಟ್ ಮೇಲಿಟ್ಟು ಮಣಿಕಟ್ಟು ಅಲ್ಲಾಡಿಸಿದ್ರೆ ಸಾಕು. ಎಂಜಿನ್ ಶಕ್ತಿ ಹೆಚ್ಚುಕಮ್ಮಿ ಮಾಡೋ ಥ್ರಸ್ಟ್ ಲಿವರ್, ತಲೆ ಮೇಲಿನ ಪ್ಯಾನಲ್ ಎಲ್ಲ ಎಡಗೈಗೆ. ಟೇಕಾಫಲ್ಲಿ ಒಂದು ಎಂಜಿನ್ ಹೋದ್ರೂ ವಿಮಾನ ನೇರ ಇಡೋ ರಡರ್ ಪೆಡಲ್ ಒತ್ತೋದು ಕಾಲು. ಈ ಹಾಳು ಭುಜ ಬೇಕಾಗೋದು ಯಾವತ್ತೂ ಆಗ್ಬಾರ್ದು ಅಂದ್ಕೊಳ್ಳೋ ಕೆಲಸಗಳಿಗೆ, ಅಂದ್ರೆ ಕಾಕ್‌ಪಿಟ್ ಕಿಟಕಿ ಹಿಂದಕ್ಕೆಳೆದು ಹಗ್ಗ ಹಿಡ್ಕೊಂಡು ಕೆಳಗಿಳಿಯೋದು, ಇಲ್ಲಾ ಆಕ್ಸಿಜನ್ ಮಾಸ್ಕ್ ಹಾಕೋದು.

ನನ್ನ ನಿದ್ದೆ ಕೆಡಿಸಿದ್ದು ಆ ಮಾಸ್ಕು. 35 ಸಾವಿರ ಅಡಿಯಲ್ಲಿ ಕ್ಯಾಬಿನ್ ಪ್ರೆಷರ್ ಹೋದ್ರೆ ತಲೆ ನೆಟ್ಟಗೆ ಓಡೋದು ಅರ್ಧ ನಿಮಿಷ, ಹೆಚ್ಚಂದ್ರೆ ಒಂದು ನಿಮಿಷ, ಅದಕ್ಕೇ ಒಂದೇ ಕೈಯಲ್ಲಿ 5 ಸೆಕೆಂಡೊಳಗೆ ಹಾಕ್ಕೊಳ್ಳೋ ಹಾಗೆ ಅದನ್ನ ಮಾಡಿರ್ತಾರೆ. ಪಕ್ಕದ ಡಬ್ಬಿಯಿಂದ ಕೆಂಪು ಹಿಡಿ ಅದುಮಿ ಎಳೆದ್ರೆ ಪಟ್ಟಿಗಳು ಉಬ್ಬಿ ಅಗಲ ಆಗ್ತವೆ, ತಲೆ ಮೇಲಿಂದ ಇಳಿಸಿ ಹಿಡಿ ಬಿಟ್ರೆ ಮುಖಕ್ಕೆ ಕಚ್ಕೊಳ್ಳುತ್ತೆ. ಪಕ್ಕಕ್ಕೆ, ಸ್ವಲ್ಪ ಹಿಂದಕ್ಕೆ, ಆಮೇಲೆ ತಲೆ ಮೇಲಕ್ಕೆ, ನನ್ನ ಭುಜಕ್ಕೆ ಆಗದೇ ಇದ್ದಿದ್ದು ಸರಿಯಾಗಿ ಇದೇ ದಾರಿ. ಮನೇಲಿ ಊಟದ ಕುರ್ಚಿ ಪಕ್ಕ ಬಕೆಟ್ ಇಟ್ಟು ಅದರೊಳಗೆ ಅಪ್ಪನ ಮಂಕಿ ಕ್ಯಾಪ್ ಹಾಕಿ ಪ್ರಾಕ್ಟೀಸು, ಅಪ್ಪ ಮೊಬೈಲಲ್ಲಿ ಸ್ಟಾಪ್‌ವಾಚ್ ಹಿಡ್ಕೊಂಡು ನಿಂತಿರೋರು. ಮೊದಲ ದಿನ 14 ಸೆಕೆಂಡು, ಅದೂ ಕ್ಯಾಪ್ ಉಲ್ಟಾ.

ಮೆಡಿಕಲ್‌ಗೆ ಅಂತ ಹೋದಾಗ ಬೆಂಗಳೂರಿನ ಹಳೇ ಏರ್‌ಪೋರ್ಟ್ ರೋಡಿನ ಏರೋಸ್ಪೇಸ್ ಮೆಡಿಸಿನ್ ಇನ್‌ಸ್ಟಿಟ್ಯೂಟಲ್ಲಿ ಕೈ ಮೇಲೆ, ಹಿಂದೆ, ಬೆನ್ನಿಗೆ ಅಂತ ಎಲ್ಲ ಮಾಡಿಸಿ ನೋಡಿದ್ರು. ಫಿಟ್ ಅಂತ ಬಂತು. ಆದ್ರೂ ಹಾರೋಕೆ ಮುಂಚಿನ 90 ದಿನದಲ್ಲಿ ಮೂರು ಟೇಕಾಫ್, ಮೂರು ಲ್ಯಾಂಡಿಂಗ್ ಆಗಿರ್ಬೇಕಲ್ಲ, ನನ್ನ ಆ ಗಡುವು ಯಾವಾಗ್ಲೋ ಮುಗಿದಿತ್ತು, ಮೊದಲು ಸಿಮ್ಯುಲೇಟರ್‌ಗೇ, ಅಂದ್ರೆ ನೆಲದ ಮೇಲಿನ ನಕಲಿ ಕಾಕ್‌ಪಿಟ್‌ಗೇ, ಹೋಗ್ಬೇಕಾಯ್ತು. ಎರಡನೇ ದಿನ ಇನ್‌ಸ್ಟ್ರಕ್ಟರ್ ಹೇಳದೆ ಕೇಳದೆ ಪ್ರೆಷರ್ ತೆಗೆದ್ರು. ಮಾಸ್ಕ್ ಮುಖದ ಮೇಲೆ ಬಂದು ಕೂತು ನನ್ನ ಉಸಿರು ನನಗೇ ಬುಸುಬುಸು ಕೇಳಿಸ್ದಾಗ್ಲೇ ಕೈ ಎತ್ತಿದ್ದೆ ಅಂತ ಗೊತ್ತಾಗಿದ್ದು. ಎಷ್ಟು ಸೆಕೆಂಡು ಅಂತ ಎಣಿಸೋಕೆ ಅಲ್ಲಿ ಅಪ್ಪ ಇರ್ಲಿಲ್ಲ.

ಫೆಬ್ರವರಿಯಲ್ಲಿ ಮೊದಲ ಡ್ಯೂಟಿ, ಕೊಚ್ಚಿಗೆ. ಬೆಳಗಿನ ಜಾವ ಎರಡೂವರೆಗೆ ಎದ್ದು ಕನ್ನಡಿ ಮುಂದೆ ನಿಂತು ಕೂದಲು ಕಟ್ಟೋಕೇ ಇಪ್ಪತ್ತು ನಿಮಿಷ ಹಿಡೀತು, ಮಧ್ಯದಲ್ಲಿ ಎರಡು ಸಲ ಕೈ ಇಳಿಸಿದೆ. ವಾಪಸ್ ಬರ್ತಾ ಕ್ಯಾಪ್ಟನ್ ಲ್ಯಾಂಡಿಂಗ್ ನೀನೇ ಮಾಡಮ್ಮ ಅಂದ್ರು, ಅವರಿಗೆ ಸೂಪರ್‌ವೈಸ್ಡ್ ಲ್ಯಾಂಡಿಂಗ್, ಅಂದ್ರೆ ತಾವು ನೋಡ್ಕೊಳ್ತಾ ಕೋ-ಪೈಲಟ್ ಕೈಲಿ ಇಳಿಸೋಕೆ, ಕೊಡೋ ಪರ್ಮಿಷನ್ ಇತ್ತು, ನನ್ನ ಅದೃಷ್ಟ. ಬೆಂಗಳೂರಲ್ಲಿ ಸ್ವಲ್ಪ ಗಟ್ಟಿಯಾಗೇ ಕೂತ್ಕೊಂಡ್ತು ಗಾಡಿ. ಭುಜದ ಮೇಲೆ ಮಾತ್ರ ಹಾಕೋ ಹಾಗಿಲ್ಲ ತಪ್ಪನ್ನ.

ಮನೆಗೆ ಬಂದು ಐಸ್‌ಪ್ಯಾಕ್ ಇಟ್ಕೊಂಡು ಅಮ್ಮಂಗೆ ಫೋನ್ ಮಾಡಿದೆ. ಜಡೆ ಯಾರು ಹಾಕಿದ್ರೇ ಅಂದ್ರು.

ನಾನೇ ಅಮ್ಮ, ಸ್ವಲ್ಪ ಸೊಟ್ಟ ಆಗಿತ್ತು ಅಂದೆ.