ನೀಲಿ ಇನ್ಹೇಲರ್ ಹೆಚ್ಚಾದಾಗ

ನೀರಿನ ಲೋಟ ಹಿಡಿದರೆ ನೀರೇ ಅಲುಗಾಡುತ್ತದೆ, ಅಷ್ಟು ಬೆರಳು ನಡುಕ. ಎದೆ ಡವಡವ. ಅಸ್ತಮಾದ ನೀಲಿ ಇನ್ಹೇಲರ್‌ನಲ್ಲಿರುವ ಔಷಧ ಸಾಲ್ಬುಟಮಾಲ್ ಹೆಚ್ಚಾದಾಗ ಮೊದಲು ಕಾಣುವುದು ಇದು. ಶ್ವಾಸನಾಳದ ಬಿಗಿತ ಸಡಿಲಿಸುವ ಔಷಧ ಕೈಕಾಲಿನ ಸ್ನಾಯುವನ್ನೂ ಹೃದಯವನ್ನೂ ಕೆಣಕುತ್ತದೆ. ಉಸಿರು ಸರಾಗವಾಗಿದ್ದರೆ ಇನ್ಹೇಲರ್ ಬದಿಗಿಟ್ಟು ಕೂತುಕೊಳ್ಳಿ; ಸಾಮಾನ್ಯವಾಗಿ 4ರಿಂದ 6 ಗಂಟೆಯಲ್ಲಿ ಇಳಿಯುತ್ತದೆ. ಹೆಚ್ಚು ಹೊತ್ತು ಕೆಲಸ ಮಾಡುವ ಫಾರ್ಮೊಟೆರಾಲ್ ಎಂಬ ಔಷಧ ಇರುವ ಇನ್ಹೇಲರ್ ಆದರೆ 12 ಗಂಟೆಯೂ ಹಿಡಿಯಬಹುದು.

ನೀಲಿ ಇನ್ಹೇಲರ್‌ನ ಒಂದು ಪಫ್‌ನಲ್ಲಿ ಸಾಮಾನ್ಯವಾಗಿ 100 ಮೈಕ್ರೋಗ್ರಾಂ ಔಷಧ. ಮಾಮೂಲಿ ದಿನಗಳಲ್ಲಿ ಒಂದು ಸಲಕ್ಕೆ 1–2 ಪಫ್ ಸಾಕು. ಆದರೆ ದಮ್ಮು ಜೋರಾದಾಗ ಸ್ಪೇಸರ್ (ಇನ್ಹೇಲರ್‌ಗೆ ಜೋಡಿಸುವ ಟೊಳ್ಳು ಕೊಳವೆ) ಮೂಲಕ ಒಂದೊಂದಾಗಿ 10 ಪಫ್‌ವರೆಗೆ ಕೊಡುವುದು ವೈದ್ಯರೇ ಹೇಳುವ ಕ್ರಮ. ಹಾಗಾಗಿ ಲೆಕ್ಕ ಹೆಚ್ಚಾಯಿತೆಂದು ಗಾಬರಿಯಾಗಿ, ಇನ್ನೂ ಉಸಿರು ಕಟ್ಟುತ್ತಿರುವವರ ಕೈಯಿಂದ ಇನ್ಹೇಲರ್ ಕಿತ್ತುಕೊಳ್ಳಬೇಡಿ. ಆಂಬುಲೆನ್ಸ್ ಕರೆಯಿರಿ. ಆಗ ಜೀವಕ್ಕೆ ಕುತ್ತು ತರುವುದು ಔಷಧಕ್ಕಿಂತ ಹೆಚ್ಚಾಗಿ ಅಸ್ತಮಾ.

ಇಲ್ಲೊಂದು ಮೋಸವಿದೆ, ಇದನ್ನು ತಿಳಿದವರು ಕಡಿಮೆ. ಡೋಸ್ ತೀರಾ ಏರಿದಾಗ ರಕ್ತದಲ್ಲಿ ಲ್ಯಾಕ್ಟಿಕ್ ಆಮ್ಲ ಹೆಚ್ಚುತ್ತದೆ. ಅದನ್ನು ಸರಿದೂಗಿಸಲು ದೇಹ ಉಸಿರಾಟದ ವೇಗ ಹೆಚ್ಚಿಸುತ್ತದೆ. ಎದೆಯಲ್ಲಿ ಸುಯ್ ಶಬ್ದ ಕಡಿಮೆಯಾಗಿದ್ದರೂ ಏದುಸಿರು ನಿಲ್ಲುವುದಿಲ್ಲ. ಅದನ್ನು ದಮ್ಮೆಂದುಕೊಂಡು ಮತ್ತೆ ಎಳೆಯುತ್ತಾರೆ. ಆದರೆ ತೀವ್ರ ದಾಳಿಯಲ್ಲೂ ಶಬ್ದ ಅಡಗಿಬಿಡುವುದುಂಟು. ಮನೆಯಲ್ಲಿ ಇವೆರಡನ್ನು ಬೇರ್ಪಡಿಸಲಾಗದು, ಆಸ್ಪತ್ರೆಗೇ ಹೋಗಬೇಕು. ಎಷ್ಟು ಪಫ್, ಯಾವ ಹೊತ್ತಿಗೆ ಎಂದು ಚೀಟಿಯಲ್ಲಿ ಬರೆದುಕೊಂಡು ಹೋಗಿ.

ಎದೆನೋವು, ತಲೆಸುತ್ತು, ತಪ್ಪುವ ನಾಡಿಬಡಿತ ಇದ್ದರೂ ಕಾಯಬೇಡಿ. ಈ ಔಷಧ ರಕ್ತದ ಪೊಟ್ಯಾಸಿಯಂ ಅನ್ನು ಜೀವಕೋಶಗಳೊಳಗೆ ತಳ್ಳುತ್ತದೆ. ರಕ್ತದಲ್ಲಿ ಅದು ತೀರಾ ಇಳಿದರೆ ಹೃದಯದ ಲಯ ಕೆಡಬಹುದು. ಮೂತ್ರ ಹೆಚ್ಚಿಸುವ ಮಾತ್ರೆ ಅಥವಾ ದಮ್ಮಿಗೆ ಕೊಡುವ ಥಿಯೋಫಿಲಿನ್ ತೆಗೆದುಕೊಳ್ಳುವವರಿಗೆ ಈ ಅಪಾಯ ಜಾಸ್ತಿ. ಆಸ್ಪತ್ರೆಯಲ್ಲಿ ಇಸಿಜಿ ಮತ್ತು ರಕ್ತಪರೀಕ್ಷೆ ಮಾಡುವುದು ಇದಕ್ಕೇ. ಎದೆಬಡಿತ ಇಳಿಸಲು ಯಾರದೋ ಪ್ರೊಪ್ರನೊಲಾಲ್ ಮಾತ್ರೆ ನುಂಗುವುದಂತೂ ಬೇಡವೇ ಬೇಡ, ಅದು ಶ್ವಾಸನಾಳವನ್ನೇ ಬಿಗಿದುಬಿಡಬಹುದು.

ಮೇಲಿಂದ ಮೇಲೆ ಬೇಕಾಗುತ್ತಿದ್ದರೆ ಕ್ಯಾನಿಸ್ಟರ್ ಲೆಕ್ಕ ನೋಡಿ. 200 ಪಫ್‌ನ ಡಬ್ಬಿ ತಿಂಗಳಿಗೊಂದು ಮುಗಿಯುವವರಲ್ಲಿ ಸಾವಿನ ಅಪಾಯ ಹೆಚ್ಚು. ಅವರಿಗೆ ಊತ ತಗ್ಗಿಸುವ ಸ್ಟೀರಾಯ್ಡ್ ಇನ್ಹೇಲರ್ ಬೇಕಿದೆಯೆಂದು, ಅಥವಾ ಇರುವುದು ಸಾಲುತ್ತಿಲ್ಲವೆಂದು ಅರ್ಥ. ಡಬ್ಬಿ ಅಲ್ಲಾಡಿಸಿ ನೋಡುವುದನ್ನು ನಂಬಬೇಡಿ: ಔಷಧ ಮುಗಿದ ಮೇಲೂ ಗ್ಯಾಸ್ ಉಳಿದು ಪುಸ್ ಎನ್ನುತ್ತಿರುತ್ತದೆ. ಒತ್ತಿದರೂ ಉಸಿರು ಸಡಿಲಾಗದಿದ್ದರೆ ಆಂಬುಲೆನ್ಸ್ ಕರೆಯಿರಿ, ಜೊತೆಗೆ ಉಳಿದ ಪಫ್ ತೋರಿಸುವ ಕೌಂಟರ್‌ನಲ್ಲಿ ಸೊನ್ನೆ ಇದೆಯೇ ನೋಡಿ.