ಗೂಡ್ಸ್ ಶೆಡ್ಡಿನಲ್ಲಿ ಕಛೇರಿ, ಮತ್ತು ನನ್ನ ಎಡವಟ್ಟು

ಹಾಸನದಲ್ಲಿ ಹದಿನೈದು ವರ್ಷದಿಂದ ಸೌಂಡ್ ಸಿಸ್ಟಂ ಇಟ್ಟುಕೊಂಡಿದ್ದೇನೆ. ಗಣಪತಿ ಪೆಂಡಾಲು, ಜಾತ್ರೆ, ಆರ್ಕೆಸ್ಟ್ರಾ ಎಲ್ಲ ಬಯಲಿನ ಕೆಲಸ. ಬಯಲಲ್ಲಿ ದನಿ ಹೋದರೆ ಹೋಯಿತು, ತಿರುಗಿ ಬರುವುದಿಲ್ಲ.

ಮೈಸೂರು–ಅರಸೀಕೆರೆ ಮಾರ್ಗಕ್ಕೆ ಬ್ರಾಡ್ ಗೇಜ್ ಬಂದ ಮೇಲೆ ಪಾಳುಬಿದ್ದಿದ್ದ ಸಣ್ಣ ಸ್ಟೇಷನ್ನೊಂದರ ಗೂಡ್ಸ್ ಶೆಡ್ಡನ್ನು ಊರವರು ಸಂಗೀತ ಕಛೇರಿಗೆ ಸಜ್ಜು ಮಾಡಲು ಹೊರಟರು. ನಮ್ಮ ಜಿಲ್ಲೆಗೆ ಈ ಹುಚ್ಚು ಹೊಸದಲ್ಲ; ಕರ್ನಾಟಕ ಸಂಗೀತದ ಹೆಸರಾಂತ ಗಾಯಕ ಆರ್.ಕೆ. ಶ್ರೀಕಂಠನ್ 1920ರಲ್ಲಿ ಹುಟ್ಟಿದ್ದು ಇಲ್ಲೇ, ಅರಕಲಗೂಡು ತಾಲ್ಲೂಕಿನ ರುದ್ರಪಟ್ಟಣದಲ್ಲಿ. 1847ರ ಇಂಜಿನ್ ಶೆಡ್ಡೊಂದು ಲಂಡನ್ನಿನಲ್ಲಿ ರೌಂಡ್‌ಹೌಸ್ ಎಂಬ ಸಂಗೀತದ ಜಾಗವಾಗಿದೆ ಎಂದು ನಿವೃತ್ತ ಮೇಷ್ಟ್ರೊಬ್ಬರು ಫೋಟೋ ತೋರಿಸಿದರು. ನನ್ನ ಕಣ್ಣು ಹೋದದ್ದು ಅದರಲ್ಲಿದ್ದ ಸ್ಪೀಕರ್‌ಗಳ ಮೇಲೆ.

ಜಾತ್ರೆಗೆ ಒಯ್ಯುವ ದೊಡ್ಡ ಡಬ್ಬ ಎರಡನ್ನೂ ವೇದಿಕೆಯ ಪಕ್ಕ ನಿಲ್ಲಿಸಿದೆ. ಪಕ್ಕದ ಹಳಿಯ ಸದ್ದು ಬಾರದಿರಲೆಂದು ತಗಡಿನ ದೊಡ್ಡ ಬಾಗಿಲುಗಳನ್ನೂ ಎಳೆಸಿದೆ. ಕಲ್ಲಿನ ಗೋಡೆ, ಸಿಮೆಂಟ್ ನೆಲ, ಮೇಲೆ ಶೀಟು. ಸಂಜೆ ಮೈಕ್ ಟೆಸ್ಟಿಗೆ ಮೃದಂಗದ ವಿದ್ವಾಂಸರು ನಾಲ್ಕು ಏಟು ಹೊಡೆದು ನಿಲ್ಲಿಸಿದರು.

"ಏನಪ್ಪಾ, ನಾನೊಬ್ಬ ನುಡಿಸಿದರೆ ನಾಲ್ಕು ಜನ ನುಡಿಸ್ತಿದ್ದಾರಲ್ಲ?"

ಹಾಡುವವರದೂ ಅದೇ ದೂರು. ಆಲಾಪನೆ ಕೇಳಲು ಚೆನ್ನಾಗೇ ಇತ್ತು, ದೇವಸ್ಥಾನದೊಳಗೆ ಹಾಡಿದ ಹಾಗೆ. ಎರಡನೇ ಕಾಲದ, ಅಂದರೆ ದುಪ್ಪಟ್ಟು ವೇಗದ ಸ್ವರಕ್ಕೆ ಹೋದರೆ ಎಲ್ಲ ಕಲಸಿ ಗಂಜಿ. ನಾನು ವಾಲ್ಯೂಮ್ ಏರಿಸಿದೆ. ಗಂಜಿ ಹೆಚ್ಚಾಯಿತು.

ಮೇಷ್ಟ್ರು ಜೋರಾಗಿ ಒಂದು ಚಪ್ಪಾಳೆ ಹೊಡೆದು, "ಎಣಿಸು" ಅಂದರು. ಸದ್ದು ಸಾಯಲು ಹತ್ತಿರ ಹತ್ತಿರ 3 ಸೆಕೆಂಡ್ ಬೇಕಾಯಿತು. ಶೆಡ್ಡಿನ ಉದ್ದ 24 ಮೀಟರ್. ದನಿ ಹಿಂದಿನ ಗೋಡೆಗೆ ಹೊಡೆದು ಬರಲು ಸೆಕೆಂಡಿನ ಏಳನೇ ಒಂದು ಪಾಲು ಸಾಕು. ಅಷ್ಟರಲ್ಲಿ ಮುಂದಿನ ಸ್ವರ ಹೊರಟಿರುತ್ತದೆ. ಭೌತಶಾಸ್ತ್ರದ ಮೇಷ್ಟ್ರಲ್ಲವೇ, ಅಲ್ಲೇ ಪಾಠ ಶುರು: 1895ರಲ್ಲಿ ವ್ಯಾಲೇಸ್ ಸಬೀನ್ ಎಂಬ ಹಾರ್ವರ್ಡಿನ ಪ್ರಾಧ್ಯಾಪಕರು ಗದ್ದಲದ ಕೋಣೆಯೊಂದಕ್ಕೆ ಸೀಟಿನ ದಿಂಬುಗಳನ್ನು ಹೊತ್ತು ತಂದು, ಎಷ್ಟು ದಿಂಬಿಗೆ ಎಷ್ಟು ಪ್ರತಿಧ್ವನಿ ಇಳಿಯುತ್ತದೆಂದು ಅಳೆದರಂತೆ. ದನಿ ನುಂಗುವುದಕ್ಕೆ ಅವರು ಹಿಡಿದ ಅಳತೆಗೋಲು ತೆರೆದ ಕಿಟಕಿ. ಹೊರಗೆ ಹೋದ ದನಿ ಪೂರ್ತಿ ಹೋದ ಹಾಗೆ.

ನಾನು ಮುಚ್ಚಿಸಿದ್ದೂ ಅದನ್ನೇ!

ಬಾಗಿಲು ತೆಗೆಸಿದೆವು. ಕಾಫಿ ವರ್ಕ್ಸ್‌ನಿಂದ ಹಳೇ ಗೋಣಿಚೀಲ ತಂದು, ಹಿಂದಿನ ಗೋಡೆಯಿಂದ ಒಂದು ಗೇಣು ಬಿಟ್ಟು ಎರಡು ಪದರ ತೂಗುಹಾಕಿದೆವು. ಗೋಡೆಗೇ ಅಂಟಿಸಿದ್ದರೆ ಇಷ್ಟು ಗುಣ ಕಾಣುತ್ತಿರಲಿಲ್ಲ. ನೆಲಕ್ಕೆ ಜಮಖಾನ. ದೊಡ್ಡ ಡಬ್ಬಗಳನ್ನು ವಾಪಸ್ ವ್ಯಾನಿಗೆ ಹಾಕಿ ನಾಲ್ಕು ಸಣ್ಣ ಕಾಲಂ ಸ್ಪೀಕರ್ ಕಟ್ಟಿದೆ: ಎರಡು ಮುಂದೆ, ಎರಡು 12 ಮೀಟರ್ ಹಿಂದೆ. ಹಿಂದಿನವಕ್ಕೆ 35 ಮಿಲಿಸೆಕೆಂಡ್ ಡಿಲೇ ಕೊಟ್ಟೆ, ಮುಂದಿನ ದನಿ ಅಲ್ಲಿಗೆ ತಲುಪುವ ಹೊತ್ತಿಗೇ ಅವೂ ನುಡಿಯಲೆಂದು. ಇಲ್ಲದಿದ್ದರೆ ಹಿಂದಿನ ಸಾಲಿನವರಿಗೆ ಹಾಡು ಎರಡು ಸಲ ಕೇಳುತ್ತದೆ. ಜನ ಬಂದು ಕೂತ ಮೇಲೆ ಪ್ರತಿಧ್ವನಿ ಇನ್ನೂ ಇಳಿಯಿತು. ಮನುಷ್ಯನ ಮೈಬಟ್ಟೆಯೂ ದನಿ ಕುಡಿಯುತ್ತದೆ. ಖಾಲಿ ಹಾಲಿನಲ್ಲಿ ಮಾಡಿದ ಸೆಟ್ಟಿಂಗನ್ನು ಹಾಗೇ ಬಿಡಬಾರದೆಂದು ಆವತ್ತೇ ತಿಳಿದದ್ದು. ಮೊದಲ ಕೀರ್ತನೆ ಮುಗಿಯುವವರೆಗೂ ಮಿಕ್ಸರ್‌ನಿಂದ ಕೈ ತೆಗೆಯಲಿಲ್ಲ.

ರೈಲು? ಪ್ಯಾಸೆಂಜರ್ ಗಾಡಿಯ ಟೈಮು ನೋಡಿಯೇ ಕಛೇರಿ ಇಟ್ಟಿದ್ದರು. ಗೂಡ್ಸ್ ಗಾಡಿಗೆ ಯಾವ ಟೈಮೂ ಇಲ್ಲ. ಒಂದು ಬಂತು, ಎಲ್ಲರೂ ಕಾದರು, ಗಾರ್ಡ್ ಡಬ್ಬಿ ದಾಟಿದ ಮೇಲೆ ಪಲ್ಲವಿ ಮತ್ತೆ ಎತ್ತಿಕೊಂಡರು.

ಮಳೆಗೆ ಮಾತ್ರ ನನ್ನ ಹತ್ತಿರ ಮದ್ದಿಲ್ಲ. ಶೀಟಿನ ಮೇಲೆ ಜೋರು ಮಳೆ ಬಿದ್ದರೆ ಯಾವ ಮೈಕೂ ಕೆಲಸಕ್ಕೆ ಬಾರದು. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಕಛೇರಿ ಬೇಡ ಅಂದಿದ್ದೇನೆ. ಮೇಷ್ಟ್ರು ಆಗಸ್ಟಿಗೇ ಒಂದು ದಿನ ಗೊತ್ತು ಮಾಡಿದ್ದಾರೆ.